ಓದುಗರ ಪ್ರಶ್ನೆ, ತಜ್ಞರ ಉತ್ತರ: ಎದುರಿನ ಕುರ್ಚಿಯಲ್ಲಿ ಕೂತವರು ಯಾರು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಬಾಲ್ಯದ ದೌರ್ಜನ್ಯ, ಮನೆಯೊಳಗಿನ ಹೊಡೆತ, ಅಪಘಾತ, ಇಂಥ ಆಘಾತಕ್ಕೆ ಥೆರಪಿ ನಡೆಯುತ್ತಿರುವಾಗ ಥೆರಪಿಸ್ಟ್ ಮೇಲೆಯೇ ಸಿಟ್ಟು, ಭಯ, ಪ್ರೀತಿ ಹುಟ್ಟಿಕೊಳ್ಳುವುದು. ಇದಕ್ಕೆ ಟ್ರಾನ್ಸ್‌ಫರೆನ್ಸ್ ಎನ್ನುತ್ತಾರೆ, ಕನ್ನಡದಲ್ಲಿ ಭಾವ ವರ್ಗಾವಣೆ: ಹಳೆಯ ಸಂಬಂಧದ ಭಾವನೆ ಈಗ ಎದುರಿಗಿರುವವರ ಮೇಲೆ ಬೀಳುವುದು. ಅದಕ್ಕೆ ಎದುರಾಗಿ ಥೆರಪಿಸ್ಟ್ ಮನಸ್ಸಿನಲ್ಲಿ ಏಳುವುದು ಕೌಂಟರ್ ಟ್ರಾನ್ಸ್‌ಫರೆನ್ಸ್, ಅಂದರೆ ಪ್ರತಿವರ್ಗಾವಣೆ. ಪತ್ರ ಬರೆದವರಲ್ಲಿ ಚಿಕಿತ್ಸೆ ಪಡೆಯುವವರೂ ಇದ್ದಾರೆ, ಕೊಡುವವರೂ ಇದ್ದಾರೆ. ಒಬ್ಬರ ಪ್ರಶ್ನೆಯನ್ನು ಇನ್ನೊಬ್ಬರು ಓದಲಿ ಎಂದೇ ಎರಡನ್ನೂ ಬೆರೆಸಿ ಹಾಕಿದ್ದೇವೆ. ಯಾರ ಹೆಸರನ್ನೂ ಕೊಟ್ಟಿಲ್ಲ.

ಪ್ರಶ್ನೆ: ಚಿಕ್ಕವಳಿದ್ದಾಗ ಮನೆಯಲ್ಲಿ ನಡೆದ ಹಿಂಸೆಗಾಗಿ 7 ತಿಂಗಳಿಂದ ಥೆರಪಿಗೆ ಹೋಗುತ್ತಿದ್ದೇನೆ. ಹೋದ ತಿಂಗಳು ನಾನು ಮಾತಾಡುತ್ತಿರುವಾಗ ಮೇಡಂ ಗೋಡೆ ಗಡಿಯಾರ ನೋಡಿದರು. ಅಷ್ಟೇ. ನನ್ನ ಕೈಕಾಲು ತಣ್ಣಗಾಯಿತು. ‘ಇವರಿಗೂ ನಾನು ಸಾಕಾಗಿದ್ದೇನೆ’ ಅನ್ನಿಸಿತು. ಎರಡು ವಾರದಿಂದ ಹೋಗಿಲ್ಲ. ನನಗೇನಾದರೂ ತಲೆ ಕೆಟ್ಟಿದೆಯೇ? (ಶಿವಮೊಗ್ಗ)

ತಲೆ ಕೆಟ್ಟಿಲ್ಲ. ನಿಮ್ಮ ಪತ್ರದಲ್ಲೇ ಎರಡು ಸಂಗತಿಗಳಿವೆ, ಅವನ್ನು ಬಿಡಿಸಿಟ್ಟುಕೊಳ್ಳಿ. ಮೇಡಂ ಗಡಿಯಾರ ನೋಡಿದ್ದು ನಿಜ. ‘ಸಾಕಾಗಿದ್ದೇನೆ’ ಅನ್ನುವುದು ಆ ನೋಟಕ್ಕೆ ನೀವು ಕೊಟ್ಟ ಅರ್ಥ, ಮತ್ತು ಆ ಅರ್ಥ ಬಹಳ ಹಳೆಯದು. ಅಪ್ಪನ ಚಪ್ಪಲಿ ಸದ್ದಿನಲ್ಲೇ ಇವತ್ತು ಕುಡಿದು ಬಂದಿದ್ದಾರೋ ಇಲ್ಲವೋ ಎಂದು ಲೆಕ್ಕ ಹಾಕಿ ಬೆಳೆದ ಮಗುವಿಗೆ ಹುಬ್ಬು ಏರಿದ್ದೂ ಒಂದು ಸುದ್ದಿಯೇ. ಅಂದು ಆ ಎಚ್ಚರ ಮಗುವನ್ನು ಕಾಪಾಡಿತ್ತು. ಮನೆ ಬಿಟ್ಟು ಬಂದು ಎಷ್ಟೋ ವರ್ಷವಾದರೂ ಅದು ಕೆಲಸ ನಿಲ್ಲಿಸಿಲ್ಲ. ಥೆರಪಿ ಕೋಣೆಯಲ್ಲಿ ಅದು ಜೋರಾಗುವುದಕ್ಕೂ ಕಾರಣವಿದೆ: ಬಾಗಿಲು ಮುಚ್ಚಿದ ಕೋಣೆ, ನಿಮಗಿಂತ ಹೆಚ್ಚು ಅಧಿಕಾರವಿರುವ ಒಬ್ಬ ವ್ಯಕ್ತಿ, ನಿಮ್ಮ ಗುಟ್ಟು. ಹಿಂಸೆ ನಡೆದ ಜಾಗದಲ್ಲೂ ಈ ಮೂರೂ ಇದ್ದವು.

ಭಾವ ವರ್ಗಾವಣೆ ಎಂಬ ಪದಕ್ಕೆ ಇಂದಿನ ಅರ್ಥ ಬಂದುದರ ಹಿಂದೆ ಒಂದು ಸೋತ ಚಿಕಿತ್ಸೆ ಇದೆ. 1900ರಲ್ಲಿ ವಿಯೆನ್ನಾದ 18 ವರ್ಷದ ಹುಡುಗಿಯೊಬ್ಬಳು ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಬಳಿ ಬಂದಳು. ಫ್ರಾಯ್ಡ್ ಬರಹದಲ್ಲಿ ಅವಳ ಹೆಸರು ಡೋರಾ. ಮನೆಗೆ ಆಪ್ತನಾಗಿದ್ದ ಗಂಡಸು ತನ್ನ ಮೇಲೆ ಕೈ ಹಾಕಿದ ಎಂದಿದ್ದಳು, ತಂದೆ ನಂಬಿರಲಿಲ್ಲ. 11 ವಾರಕ್ಕೆ ಅವಳು ಚಿಕಿತ್ಸೆ ಬಿಟ್ಟು ಹೋದಳು. ಅವಳು ತಮ್ಮ ಮೇಲೆ ಹಾಕುತ್ತಿದ್ದ ಹಳೆಯ ನೆರಳನ್ನು ಸಮಯಕ್ಕೆ ಸರಿಯಾಗಿ ಗುರುತಿಸಲಿಲ್ಲ ಎಂದು ಫ್ರಾಯ್ಡ್ 1905ರಲ್ಲಿ ತಾವೇ ಬರೆದುಕೊಂಡರು. ಆದರೆ ಹುಡುಗಿಯ ಮಾತನ್ನು ತಾವೂ ಪೂರ್ತಿ ಅವಳ ಕಡೆಯಿಂದ ಕೇಳಲಿಲ್ಲ ಎಂಬುದನ್ನು ಅವರು ಅಷ್ಟು ಸ್ಪಷ್ಟವಾಗಿ ಒಪ್ಪಲಿಲ್ಲ. ಇದು ನಮ್ಮ ತಕರಾರು.

ನೀವು ಮಾಡಬೇಕಾದ್ದು: ಮುಂದಿನ ಸೆಷನ್‌ಗೆ ಹೋಗಿ. ವಿಷಯವನ್ನು ಮೊದಲ 10 ನಿಮಿಷದಲ್ಲೇ ಎತ್ತಿ. ಏಳುವ ಹೊತ್ತಿಗೆ, ಬಾಗಿಲ ಹತ್ತಿರ ನಿಂತು ಹೇಳಿದರೆ ಬಿಚ್ಚಿದ ಗಂಟು ಹಾಗೇ ಉಳಿಯುತ್ತದೆ. ‘ಅವತ್ತು ನೀವು ಗಡಿಯಾರ ನೋಡಿದ್ರಿ. ನಿಮಗೆ ನಾನು ಬೇಜಾರಾಗಿದ್ದೀನಿ ಅನ್ನಿಸ್ತು. ಅದಕ್ಕೇ ಬರಲಿಲ್ಲ.’ ಇಷ್ಟು ಸಾಕು. ಬಾಯಿ ಬಾರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಒಳ್ಳೆಯ ಥೆರಪಿಸ್ಟ್ ಆಗಿದ್ದರೆ ಮೊದಲು ‘ಹೌದು, ನೋಡಿದೆ’ ಎಂದು ಒಪ್ಪಿಕೊಳ್ಳುತ್ತಾರೆ. ಆಮೇಲೆ ಮುಖದಲ್ಲಿ ಏನು ಕಂಡಿತು, ಮೈಯಲ್ಲಿ ಎಲ್ಲಿ ತಣ್ಣಗಾಯಿತು, ಹೀಗೇ ಆಗಿದ್ದು ಮೊದಲು ಯಾವಾಗ ಎಂದು ನಿಧಾನವಾಗಿ ಕೇಳುತ್ತಾರೆ. ‘ನಾನು ಅಂಥವಳಲ್ಲ, ಅದೆಲ್ಲ ನಿಮ್ಮ ಕಲ್ಪನೆ’ ಎಂದು ಬಾಯಿ ಮುಚ್ಚಿಸಿದರೆ ಅಲ್ಲಿ ಎಡವಿದವರು ಅವರು. ಜೊತೆಗೆ ಒಂದು ಸಣ್ಣ ಏರ್ಪಾಟು ಮಾಡಿಸಿಕೊಳ್ಳಿ. ಗಡಿಯಾರ ಇಬ್ಬರಿಗೂ ಕಾಣುವ ಕಡೆ ಇರಲಿ, ಮುಗಿಯಲು 10 ನಿಮಿಷ ಇದೆ ಎಂದು ಅವರು ಬಾಯಿಬಿಟ್ಟು ಹೇಳಲಿ. ಕದ್ದು ನೋಡುವ ಪ್ರಸಂಗವೇ ಬರುವುದಿಲ್ಲ.

ಪ್ರಶ್ನೆ: ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಎರಡು ವರ್ಷದಿಂದ ಕೌನ್ಸೆಲರ್ ಆಗಿದ್ದೇನೆ. ಗಂಡನ ಹಿಂಸೆಯಿಂದ ಹೊರಬಂದ ಹೆಂಗಸಿಗೆ ಪಾಪ ಎನಿಸಿ ನನ್ನ ಸ್ವಂತ ನಂಬರ್ ಕೊಟ್ಟೆ. 50 ನಿಮಿಷದ ಸೆಷನ್ 80 ನಿಮಿಷವಾಯಿತು. ರಾತ್ರಿ 11ಕ್ಕೆ ಮೆಸೇಜ್ ಬರುತ್ತದೆ. ಈಗ ಫೋನ್‌ನಲ್ಲಿ ಅವರ ಹೆಸರು ಕಂಡರೆ ಎದೆ ಧಸಕ್ಕೆನ್ನುತ್ತದೆ, ಸಿಟ್ಟು ಬರುತ್ತದೆ, ಆಮೇಲೆ ನನ್ನ ಮೇಲೇ ನಾಚಿಕೆ. ಎಲ್ಲಿ ತಪ್ಪಿದೆ? (ಹುಬ್ಬಳ್ಳಿ)

ಕರುಣೆಯಲ್ಲಿ ತಪ್ಪಿದಿರಿ. ನಮ್ಮಲ್ಲಿ ಈ ಕೆಲಸಕ್ಕೆ ಬರುವವರು ಹೆಚ್ಚಾಗಿ ಎಡವುವುದು ಇಲ್ಲೇ, ಕಠಿಣವಾಗಿ ನಡೆದುಕೊಂಡು ಅಲ್ಲ.

ಅಮೆರಿಕದ ಮನೋವೈದ್ಯ ಸ್ಟೀಫನ್ ಕಾರ್ಪ್‌ಮನ್ 1968ರಲ್ಲಿ ಒಂದು ತ್ರಿಕೋನ ಬರೆದು ತೋರಿಸಿದರು. ಒಂದು ಮೂಲೆಯಲ್ಲಿ ನೊಂದವರು, ಇನ್ನೊಂದರಲ್ಲಿ ನೋಯಿಸುವವರು, ಮೂರನೆಯದರಲ್ಲಿ ಕಾಪಾಡುವವರು. ಅದರ ಗಮ್ಮತ್ತು ಏನೆಂದರೆ ಯಾರೂ ಒಂದೇ ಮೂಲೆಯಲ್ಲಿ ನಿಲ್ಲುವುದಿಲ್ಲ. ನೀವು ಕಾಪಾಡುವವರಾಗಿ ಹೊರಟಿರಿ. ನಿದ್ದೆಗೆಟ್ಟು ನೊಂದವರಾದಿರಿ. ಈಗ ಸಿಟ್ಟು ಬರುತ್ತಿದೆ, ಅಂದರೆ ನೋಯಿಸುವವರ ಮೂಲೆಗೆ ಒಂದು ಕಾಲು ಇಟ್ಟಿದ್ದೀರಿ. ನಾಳೆ ಫೋನ್ ಎತ್ತದೆ ಬಿಟ್ಟರೆ, ಎರಡು ಒರಟು ಮಾತು ಆಡಿದರೆ, ಅವರ ಪಾಲಿಗೆ ಗಂಡನ ಮನೆಯ ಕಥೆಯೇ ಮತ್ತೆ ನಡೆದಂತೆ.

ಹಾಗೆಂದು ಆ ಸಿಟ್ಟನ್ನು ಹೂತುಹಾಕಬೇಡಿ. ಪ್ರತಿವರ್ಗಾವಣೆ ಎಂಬ ಪದವನ್ನು ಫ್ರಾಯ್ಡ್ 1910ರಲ್ಲಿ ಬಳಕೆಗೆ ತಂದಾಗ ಅದನ್ನು ಗೆಲ್ಲಬೇಕಾದ ಅಡ್ಡಿ ಎಂದೇ ಬಗೆದಿದ್ದರು. ಮಕ್ಕಳ ವೈದ್ಯರೂ ಆಗಿದ್ದ ಮನೋವಿಶ್ಲೇಷಕ ವಿನಿಕಾಟ್ 1949ರಲ್ಲಿ, ಚಿಕಿತ್ಸಕರಿಗೂ ದ್ವೇಷ ಬರುತ್ತದೆ, ಅದನ್ನು ತನ್ನೊಳಗೆ ಗುರುತಿಸಿಕೊಳ್ಳದಿದ್ದರೆ ಅಪಾಯ ಎಂದರು. ಮರುವರ್ಷ ಮನೋವಿಶ್ಲೇಷಕಿ ಪೌಲಾ ಹೈಮನ್ ಇನ್ನೊಂದು ಹೆಜ್ಜೆ ಮುಂದೆ ಹೋದರು: ಚಿಕಿತ್ಸಕರ ಭಾವನೆ ಎದುರಿನವರ ಒಳಗನ್ನು ತಿಳಿಯುವ ಉಪಕರಣವೂ ಹೌದು. ಹಾಗೆ ನೋಡಿದರೆ ಫೋನ್ ಬೆಳಗಿದಾಗ ನಿಮ್ಮ ಎದೆ ಧಸಕ್ಕೆನ್ನುವುದು ಆ ಹೆಂಗಸು ವರ್ಷಗಟ್ಟಲೆ ಗಂಡನ ಗಾಡಿ ಸದ್ದಿಗೆ ಪಟ್ಟ ಪಾಡಿನ ಒಂದು ಚೂರು ಇರಬಹುದು. ಇರಬಹುದು ಅಷ್ಟೇ. ನಿಮ್ಮದೇ ಹಳೆಯ ಲೆಕ್ಕವೂ ಆಗಿರಬಹುದು. ಉದಾಹರಣೆಗೆ, ಅಮ್ಮನನ್ನು ಸಮಾಧಾನಪಡಿಸುತ್ತಲೇ ಬೆಳೆದ ಹಿರಿಮಗಳು ನೀವಾಗಿದ್ದರೆ. ಯಾವುದು ಯಾರದ್ದು ಎಂದು ವಿಂಗಡಿಸುವುದಕ್ಕೇ ಸೂಪರ್‌ವಿಷನ್ (ಹಿರಿಯ ಚಿಕಿತ್ಸಕರ ಮಾರ್ಗದರ್ಶನ) ಇರುವುದು, ಒಬ್ಬರೇ ಕೂತು ಮಾಡುವ ಕೆಲಸ ಅಲ್ಲ.

ಸರಿಪಡಿಸುವ ಕ್ರಮ ಹೀಗೆ. ಮೊದಲು ಹಿರಿಯ ಚಿಕಿತ್ಸಕರೊಬ್ಬರ ಹತ್ತಿರ ಇದನ್ನು ಇದ್ದದ್ದು ಇದ್ದಹಾಗೆ ಹೇಳಿ. ನಂತರ ಸೆಷನ್ ಶುರುವಿನಲ್ಲೇ ಆ ಹೆಂಗಸಿಗೆ ತಿಳಿಸಿ: ‘ಸಮಯ, ಫೋನ್ ವಿಷಯದಲ್ಲಿ ನಾನು ಪಾಲಿಸಲಾಗದ್ದನ್ನು ಒಪ್ಪಿಕೊಂಡೆ. ಅದು ನನ್ನ ತಪ್ಪು, ನಿಮ್ಮದಲ್ಲ. ಇದನ್ನು ನಿಧಾನಕ್ಕೆ ಸರಿಮಾಡೋಣ.’ ನಂಬರನ್ನು ಒಂದೇ ಏಟಿಗೆ ಬ್ಲಾಕ್ ಮಾಡಬೇಡಿ. ಮೂರು ನಾಲ್ಕು ವಾರದಲ್ಲಿ ಇಳಿಸುತ್ತ ಬನ್ನಿ. ಸೆಷನ್ 80ರಿಂದ 65ಕ್ಕೆ, ಅಲ್ಲಿಂದ 50ಕ್ಕೆ. ಮೆಸೇಜ್ ಇನ್ನು ಮುಂದೆ ಭೇಟಿಯ ದಿನ ಬದಲಿಸಲು ಮಾತ್ರ, ಉತ್ತರ ಹಗಲು ಕೆಲಸದ ಹೊತ್ತಿನಲ್ಲಿ ಮಾತ್ರ, ಸಾಧ್ಯವಾದರೆ ಸಂಸ್ಥೆಯ ಫೋನ್‌ನಿಂದ. ರಾತ್ರಿ ಕಷ್ಟವಾದರೆ ಏನು ಮಾಡಬೇಕೆಂಬುದನ್ನು ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಮೊದಲು ತಾನೇ ಮಾಡಿಕೊಳ್ಳಬಹುದಾದ ಎರಡು ಕೆಲಸ, ಆಮೇಲೆ ನಂಬಿಕೆಯ ಒಬ್ಬರ ಹೆಸರು, ಅದಕ್ಕೂ ಆಗದಿದ್ದರೆ 14416. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮನಸ್ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಗಂಡನಿಂದಲೇ ಅಪಾಯವಿದ್ದರೆ 112.

ಇಷ್ಟು ಮಾಡಿದ ಮೇಲೆ ಅವರು ಸಿಟ್ಟಾಗುತ್ತಾರೆ, ಒಂದು ಸೆಷನ್ ತಪ್ಪಿಸಲೂಬಹುದು. ನೀವು ಮತ್ತೆ ಸಡಿಲ ಬಿಡುವುದು ಆಗಲೇ. ಬಿಡಬೇಡಿ. ಅದೇ ವಾರ, ಅದೇ ಹೊತ್ತಿಗೆ ಕುರ್ಚಿ ಖಾಲಿ ಇಟ್ಟುಕೊಂಡು ಕಾಯಿರಿ. ಸಿಟ್ಟು ಮಾಡಿಕೊಂಡರೂ ಎದುರಿನವರು ಹೊಡೆಯಲಿಲ್ಲ, ಓಡಿಹೋಗಲಿಲ್ಲ ಎಂಬುದನ್ನು ಅವರು ನೋಡಬೇಕಾಗಿರುವುದೇ ಇಲ್ಲಿ.

ಪ್ರಶ್ನೆ: ತರಬೇತಿಯಲ್ಲಿದ್ದೇನೆ. ಒಬ್ಬ ಕ್ಲೈಂಟ್ ತೀರಾ ಭಯಾನಕ ಘಟನೆಯನ್ನು ದಿನಸಿ ಪಟ್ಟಿ ಓದಿದ ಹಾಗೆ ಹೇಳುತ್ತಾರೆ. ನನಗೆ ಆಗಲೇ ತಡೆಯಲಾರದ ನಿದ್ದೆ. ಆಕಳಿಕೆ ನುಂಗಿಕೊಳ್ಳುತ್ತೇನೆ. ಈ ಕೆಲಸಕ್ಕೆ ನಾನು ಲಾಯಕ್ಕಲ್ಲವೇ? (ಮೈಸೂರು)

ಮೊದಲು ಸಾದಾ ಕಾರಣ ನೋಡಿ. ಊಟದ ಮರುಗಳಿಗೆಯ ಸೆಷನ್ನೇ, ಹಿಂದಿನ ರಾತ್ರಿ ನಿದ್ದೆ ಆಗಿತ್ತೇ, ಅವತ್ತಿನ ಎಷ್ಟನೆಯ ಕ್ಲೈಂಟ್? ಇದಾವುದೂ ಅಲ್ಲ, ಈ ಒಬ್ಬರ ಜೊತೆಗೆ, ಈ ಒಂದು ವಿಷಯ ಬಂದಾಗ ಮಾತ್ರ ನಿದ್ದೆ ಎಂದಾದರೆ ಅದು ಚಿಕಿತ್ಸೆಗೆ ಸಿಕ್ಕ ಸುಳಿವು. ಕ್ಲೈಂಟ್ ಮೈಯಿಂದ ಮನಸ್ಸನ್ನು ಕಿತ್ತು ದೂರ ಇಟ್ಟಿದ್ದಾರೆ. ಡಿಸೋಸಿಯೇಷನ್ ಎನ್ನುವುದು ಇದನ್ನೇ. ನೀವೂ ಅವರ ಜೊತೆ ಹೊರಟಿದ್ದೀರಿ.

ಅವರು ಮಾತಾಡುತ್ತಿದ್ದಾರಲ್ಲ ಎಂದು ಕೇಳುತ್ತಾ ಕೂರಬೇಡಿ. ಮಂಪರಿನಲ್ಲಿ ಎಷ್ಟು ಸಲ ಹೇಳಿದರೂ ನೆನಪು ಕರಗುವುದಿಲ್ಲ, ಮನೆಗೆ ಹೋದ ಮೇಲೆ ಅವರು ಒದ್ದಾಡುತ್ತಾರೆ. ನಿಮ್ಮ ಎರಡೂ ಪಾದ ನೆಲಕ್ಕೆ ಊರಿ, ಬೆನ್ನು ಎತ್ತಿ ಕೂತು, ಮೆಲ್ಲಗೆ ತಡೆಯಿರಿ: ‘ಒಂದು ನಿಮಿಷ ಇಲ್ಲಿಗೆ ಬರೋಣ. ಈಗ ಈ ಕೋಣೆಯಲ್ಲಿ ಏನೇನು ಕಾಣ್ತಿದೆ?’ ಕಾಣುವ 5, ಮುಟ್ಟಬಹುದಾದ 4, ಕೇಳುವ 3, ವಾಸನೆ 2, ರುಚಿ 1 ಎಂಬ ಎಣಿಕೆ ನಿಮಗೆ ಗೊತ್ತಿರುತ್ತದೆ. ಆದರೆ ಅದನ್ನು ಮಂತ್ರದ ಹಾಗೆ ಹೇಳಿಸಬೇಡಿ. ಕಣ್ಣು ಮುಚ್ಚಿಸುವುದು ಬೇಡ, ಮುಚ್ಚಿದ ಕೂಡಲೇ ಘಟನೆಯೇ ಕಾಣುತ್ತದೆ. ಕುತ್ತಿಗೆ ಹಿಸುಕಿಸಿಕೊಂಡವರಿಗೆ ಉಸಿರಿನ ಮೇಲೆ ಗಮನ ಇಡಿಸಿದರೆ ಗಾಬರಿ ಏರುತ್ತದೆ. ವಾಸನೆಯನ್ನು ಮೊದಲೇ ಕೇಳಿಕೊಳ್ಳಿ. ಬೀಡಿ, ಹೆಂಡ, ಕೊಬ್ಬರಿ ಎಣ್ಣೆ, ಯಾವುದು ಯಾರ ಗಾಯದ ಬಾಗಿಲು ತೆರೆಯುತ್ತದೋ ಹೇಳಲಾಗದು.

ಸೆಷನ್ ಮುಗಿದ ಕೂಡಲೇ, ಕೇಸ್ ಫೈಲ್‌ನಲ್ಲಿ ಅಲ್ಲ, ನಿಮ್ಮ ಸ್ವಂತ ಪುಸ್ತಕದಲ್ಲಿ ಹೆಸರಿಲ್ಲದೆ ಮೂರು ಸಾಲು ಬರೆಯಿರಿ: ನನಗೆ ಏನಾಯಿತು, ಯಾವ ಮಾತಿನ ಹೊತ್ತಿಗೆ ಆಯಿತು, ಏನು ಮಾಡಬೇಕು ಅನ್ನಿಸಿತು. ಆರು ವಾರದ ಸಾಲುಗಳನ್ನು ಒಟ್ಟಿಗೆ ಓದಿದರೆ ಜಾಡು ಕಾಣುತ್ತದೆ.

ಇನ್ನೊಂದು ಮಾತು. ಆ ಕ್ಲೈಂಟ್ ಯಾವ ಭಾಷೆಯಲ್ಲಿ ಹೇಳುತ್ತಾರೆ ಗಮನಿಸಿದ್ದೀರಾ? ಘಟನೆ ನಡೆದದ್ದು ಮನೆಮಾತಿನಲ್ಲಿ, ಹೇಳುವುದು ಇಂಗ್ಲಿಷಿನಲ್ಲಿ ಎಂಬುದು ಬೆಂಗಳೂರು, ಮೈಸೂರಿನ ಕೋಣೆಗಳಲ್ಲಿ ದಿನವೂ ಕಾಣುವಂಥದ್ದು. ‘ಅಬ್ಯೂಸ್’ ಎಂದು ತಡವರಿಸದೆ ಹೇಳುವವರಿಗೆ ‘ಮುಟ್ಟಿದ’ ಎನ್ನಲು ಗಂಟಲು ಕಟ್ಟುತ್ತದೆ. ಇಂಗ್ಲಿಷ್ ಅವರ ಕೊಡೆ. ಮಳೆಯಲ್ಲಿ ಕಿತ್ತುಕೊಳ್ಳಬೇಡಿ. ತಾವಾಗಿ ಮಡಿಸಿದ ದಿನ ಗಮನಿಸಿ.

ಪ್ರಶ್ನೆ: ನನ್ನ ಥೆರಪಿಸ್ಟ್ ಮೇಲೆ ಪ್ರೀತಿ ಹುಟ್ಟಿದೆ. ಹೇಳಿದರೆ ಹೊರಗೆ ಹಾಕುತ್ತಾರಾ? (ಬೆಂಗಳೂರು)

ಹಾಕಬಾರದು. 1915ರಲ್ಲೇ ಫ್ರಾಯ್ಡ್ ಇದರ ಬಗ್ಗೆ ಬರೆದಾಗ ಕೊಟ್ಟ ಸೂಚನೆ ಇಂದಿಗೂ ಊರ್ಜಿತ: ಚಿಕಿತ್ಸಕ ಆ ಪ್ರೀತಿಗೆ ಒಲಿಯಲೂಬಾರದು, ಅದನ್ನು ಅದುಮಲೂಬಾರದು. ಹೇಳಿಬಿಡಿ. ಪ್ರೀತಿ ಸುಳ್ಳಲ್ಲ. ಆದರೆ ವಾರಕ್ಕೆ 50 ನಿಮಿಷ ತನ್ನ ಕಷ್ಟ ಹೇಳದೆ ನಿಮ್ಮದನ್ನೇ ಕೇಳುವ ವ್ಯಕ್ತಿಯನ್ನು ನೀವು ಬಲ್ಲಿರಿ, ಆ ವ್ಯಕ್ತಿಯ ಇಡೀ ಬದುಕನ್ನು ಬಲ್ಲಿರಿ ಎಂದೇನೂ ಇಲ್ಲ. ಯಾರಿಂದ ಸಿಗದ ಏನು ಇಲ್ಲಿ ಸಿಕ್ಕಂತಾಗಿದೆ ಎಂಬುದು ಮುಂದಿನ ಸೆಷನ್‌ಗಳ ಮಾತು.

ಪ್ರಶ್ನೆ: ಅಪ್ಪಿಕೊಳ್ಳುವುದೂ ಚಿಕಿತ್ಸೆಯ ಭಾಗ ಎಂದು ಥೆರಪಿಸ್ಟ್ ಹೇಳಿದರು. ನನಗೆ ಇರುಸುಮುರುಸಾಯಿತು ಎಂದಾಗ ‘ಇದು ನಿನ್ನ ಟ್ರಾನ್ಸ್‌ಫರೆನ್ಸ್, ಅಪ್ಪನನ್ನು ನನ್ನಲ್ಲಿ ಕಾಣುತ್ತಿದ್ದೀಯ’ ಎಂದರು. ಹೊರಗೆ ಹೇಳಬಾರದಂತೆ. ನಿಜವೇ? (ಊರು ಬೇಡ)

ಅಲ್ಲ. ಅಲ್ಲಿಗೆ ಹೋಗುವುದನ್ನು ಇವತ್ತೇ ನಿಲ್ಲಿಸಿ, ಕಾರಣ ವಿವರಿಸಲು ಒಬ್ಬರೇ ಮತ್ತೊಮ್ಮೆ ಹೋಗುವುದೂ ಬೇಡ.

ಟ್ರಾನ್ಸ್‌ಫರೆನ್ಸ್ ಎಂಬ ಪದ ತಪ್ಪು ಮಾಡಿದವರು ಹೊದ್ದುಕೊಳ್ಳುವ ಕಂಬಳಿಯಲ್ಲ. ವ್ಯತ್ಯಾಸ ತಿಳಿಯುವುದು ಕಷ್ಟವೂ ಅಲ್ಲ. ಅವರು ಏನು ಯೋಚಿಸಿರಬಹುದು ಎಂಬುದರ ಮೇಲೆ ನಿಮ್ಮ ಸಂಕಟ ನಿಂತಿದ್ದರೆ ಅದು ಕೋಣೆಯೊಳಗೆ ಚರ್ಚಿಸುವ ವಿಷಯ. ಅವರು ಮಾಡಿದ ಕೆಲಸದ ಮೇಲೆ ನಿಂತಿದ್ದರೆ, ಅಂದರೆ ಮುಟ್ಟಿದ್ದು, ಹೊರಗೆ ಭೇಟಿಗೆ ಕರೆದದ್ದು, ಸಾಲ ಕೇಳಿದ್ದು, ತಮ್ಮ ಸಂಸಾರದ ದುಃಖ ತೋಡಿಕೊಂಡದ್ದು, ಬಾಯಿ ಬಿಡಬೇಡ ಎಂದದ್ದು, ಅದು ದೂರಿನ ವಿಷಯ. ಗುಟ್ಟು ಕಾಯುವ ಹೊಣೆ ಚಿಕಿತ್ಸಕರದ್ದು ಮಾತ್ರ. ನಿಮ್ಮ ಚಿಕಿತ್ಸೆಯ ಬಗ್ಗೆ ಯಾರಿಗೆ ಬೇಕಾದರೂ ಹೇಳುವ ಸ್ವಾತಂತ್ರ್ಯ ನಿಮಗಿದೆ.

ನಡೆದದ್ದನ್ನು ತಾರೀಖು, ಹೊತ್ತು ಸಹಿತ ಬರೆದಿಡಿ. ಮೆಸೇಜ್, ಹಣ ಕಟ್ಟಿದ ದಾಖಲೆ ಅಳಿಸಬೇಡಿ. ಅವರು ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು, ದೂರು ಅಲ್ಲಿಗೆ. ಮನೋವೈದ್ಯರಾಗಿದ್ದರೆ ರಾಜ್ಯದ ವೈದ್ಯಕೀಯ ಪರಿಷತ್ತಿಗೆ. ಸೇವೆಯ ಲೋಪದ ಬಗ್ಗೆ ದೂರುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಕೊಟ್ಟಿದೆ. ಒಪ್ಪಿಗೆಯಿಲ್ಲದ ಲೈಂಗಿಕ ಸ್ಪರ್ಶವಾದರೆ ನೇರ ಪೊಲೀಸರ ಹತ್ತಿರ. ಬೇರೊಬ್ಬರ ಬಳಿ ಚಿಕಿತ್ಸೆ ಮುಂದುವರಿಸುವಾಗ ಇದನ್ನು ಮೊದಲ ದಿನವೇ ಹೇಳಿ, ಹೊಸಬರನ್ನು ನಂಬಲು ಹೊತ್ತು ಹಿಡಿಯುತ್ತದೆ ಎಂಬುದು ಅವರಿಗೂ ತಿಳಿದಿರಲಿ.

ಪ್ರಶ್ನೆ: ಕ್ಲೈಂಟ್‌ಗಳು ‘ಅಕ್ಕ’ ಎನ್ನುತ್ತಾರೆ, ಮಾವಿನಹಣ್ಣು ತರುತ್ತಾರೆ, ಕಾಲು ಮುಟ್ಟಲು ಬರುತ್ತಾರೆ. ಪುಸ್ತಕದಲ್ಲಿ ಇದಕ್ಕೆಲ್ಲ ನಿಷೇಧ. ಇಲ್ಲಿ ಅದು ನಡೆಯುತ್ತದೆಯೇ? (ದಾವಣಗೆರೆ)

ನಾಲ್ಕು ಮಾವಿನಹಣ್ಣನ್ನು ವಾಪಸ್ ಕಳಿಸುವುದು ನಮ್ಮ ಕಡೆ ಮುಖಕ್ಕೆ ಹೊಡೆದ ಹಾಗೆ. ತೆಗೆದುಕೊಳ್ಳಿ, ಕಚೇರಿಯಲ್ಲಿ ಎಲ್ಲರೂ ಹಂಚಿ ತಿನ್ನಿ, ಹಾಗೆ ಹಂಚುತ್ತೀರಿ ಎಂದು ಅವರಿಗೂ ತಿಳಿಸಿ. ಸೀರೆ, ದುಡ್ಡು, ಬಂಗಾರ ಬೇಡ. ಆದರೆ ಯಾವಾಗ ತಂದರು ಎಂದು ನೋಡಿ. ಹಿಂದಿನ ವಾರ ನಿಮ್ಮ ಮೇಲೆ ಸ್ವಲ್ಪ ಸಿಟ್ಟು ತೋರಿಸಿ, ಈ ವಾರ ಬುಟ್ಟಿ ತುಂಬ ಹಣ್ಣು ತಂದರೆ ಅದು ಉಡುಗೊರೆಯಲ್ಲ, ಕಪ್ಪ. ಬಲವಿದ್ದವರನ್ನು ಮೆಚ್ಚಿಸಿದರೆ ಏಟು ತಪ್ಪುತ್ತದೆ ಎಂದು ಕಲಿತವರು ಅವರು. ‘ಹೋದ ವಾರ ಕೋಪ ಬಂದಿತ್ತಲ್ಲ, ಅದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?’ ಎಂದು ನಗುನಗುತ್ತಲೇ ಕೇಳಬಹುದು.

‘ಅಕ್ಕ’ ಎನ್ನುವುದರಲ್ಲಿ ಬಹಳ ಜನಕ್ಕೆ ತೊಂದರೆಯಿಲ್ಲ. ಕೆಲವರಿಗೆ ಇದೆ. ಮಗುವಿನ ಮೇಲೆ ಕೈ ಹಾಕಿದವನು ಅಪರಿಚಿತನಾಗಿರುವುದು ಕಡಿಮೆ. ಅವನು ‘ಮಾಮ’, ‘ಅಣ್ಣ’ ಎಂದು ಕರೆಸಿಕೊಂಡೇ ಒಳಗೆ ಬಂದಿರುತ್ತಾನೆ. ಅಂಥವರಿಗೆ ಸಂಬಂಧದ ಹೆಸರೇ ಬಲೆ. ನೀವಾಗಿ ‘ನಾನು ನಿನ್ನ ಅಕ್ಕ ಇದ್ದ ಹಾಗೆ’ ಎಂದು ಎಂದೂ ಹೇಳಬೇಡಿ. ‘ನನ್ನನ್ನು ಏನಂತ ಕರೆದರೆ ಸಲೀಸು?’ ಎಂದು ಮೊದಲ ದಿನ ಕೇಳಿ ಬಿಟ್ಟುಬಿಡಿ. ಗಂಡಸು ಕೌನ್ಸೆಲರ್‌ಗಳಿಗೆ ಇದು ಇನ್ನೂ ಮುಖ್ಯ. ಕಾಲು ಮುಟ್ಟಲು ಬಗ್ಗಿದರೆ ಹಿಂದೆ ಸರಿದು ಕೈಮುಗಿಯಿರಿ, ಭುಜ ಹಿಡಿದು ಎತ್ತಲು ಹೋಗಬೇಡಿ.

ಪ್ರಶ್ನೆ: ಶಾಲಾ ಕೌನ್ಸೆಲರ್. 13ರ ಹುಡುಗಿ ಸಂಬಂಧಿಕನೊಬ್ಬನ ವಿಷಯ ಹೇಳಿ ‘ಮಿಸ್, ಯಾರಿಗೂ ಹೇಳ್ಬೇಡಿ’ ಎಂದು ಆಣೆ ಹಾಕಿಸಿಕೊಂಡಳು. ಅವಳಿಗೆ ನಾನೊಬ್ಬಳೇ ದಿಕ್ಕು. ಏನು ಮಾಡಲಿ? (ಹಾಸನ)

ತಿಳಿಸಲೇಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ಗೊತ್ತಾದ ಯಾರೇ ಆದರೂ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ 21ನೇ ಕಲಂ ಕೆಳಗೆ 6 ತಿಂಗಳವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಮಕ್ಕಳ ಸಹಾಯವಾಣಿ 1098.

‘ನಾನೊಬ್ಬಳೇ ದಿಕ್ಕು’ ಎಂಬ ನಿಮ್ಮ ಮಾತಿನ ಮುಂದೆ ಸ್ವಲ್ಪ ನಿಲ್ಲಿ. ಅದು ಪ್ರತಿವರ್ಗಾವಣೆ. ಅವಳ ಕಣ್ಣಿಗೆ ಒಳ್ಳೆಯವರಾಗಿ ಉಳಿಯುವ ಆಸೆ ನಿಮ್ಮನ್ನು ಅವನ ಗುಟ್ಟಿಗೇ ಕಾವಲು ಕೂರಿಸುತ್ತಿದೆ. ಆದರೆ ಅವಳಿಗೆ ತಿಳಿಯದಂತೆ ಬೆನ್ನ ಹಿಂದೆ ಹೋಗಿ ದೂರು ಕೊಡುವುದು ಮತ್ತೊಂದು ದ್ರೋಹ. ಅವಳನ್ನು ಕೂರಿಸಿಕೊಂಡು, ‘ಮಾತು ಕೊಟ್ಟದ್ದು ನನ್ನ ತಪ್ಪು. ಇದೊಂದನ್ನು ನಾನು ಒಳಗೇ ಇಟ್ಟುಕೊಳ್ಳೋ ಹಾಗಿಲ್ಲ. ಯಾರಿಗೆ ಹೇಳ್ತೀನಿ, ಆಮೇಲೆ ಏನಾಗುತ್ತೆ ಎಲ್ಲಾ ನಿನಗೆ ಹೇಳ್ತೀನಿ’ ಎಂದು ಒಂದೊಂದೇ ಹೆಜ್ಜೆ ವಿವರಿಸಿ. ಅವಳು ನಿಮ್ಮನ್ನು ಬೈಯಬಹುದು, ಮಾತು ಬಿಡಬಹುದು. ತಡೆದುಕೊಳ್ಳಿ. ಮುಂದಿನ ಮಕ್ಕಳ ವಿಷಯದಲ್ಲಿ, ಗುಟ್ಟಿಗೆ ಇರುವ ಈ ಮಿತಿಯನ್ನು ಮೊದಲ ಭೇಟಿಯಲ್ಲೇ, ಮಗು ಏನನ್ನೂ ಹೇಳುವ ಮೊದಲೇ ತಿಳಿಸಿ.

ಪ್ರಶ್ನೆ: ಇಂಥ ಕೇಸುಗಳನ್ನೇ ನೋಡಿ ನೋಡಿ ಈಗ ನನ್ನ ಮಗಳನ್ನು ಪಕ್ಕದ ಮನೆಗೂ ಕಳಿಸುತ್ತಿಲ್ಲ. ಬೇರೆಯವರ ಘಟನೆ ನನ್ನ ಕನಸಿಗೆ ಬರುತ್ತದೆ. ಇದೂ ಪ್ರತಿವರ್ಗಾವಣೆಯೇ? (ಮಂಗಳೂರು)

ಅದರ ನೆಂಟ, ಅದೇ ಅಲ್ಲ. ಪ್ರತಿವರ್ಗಾವಣೆ ಒಬ್ಬ ಕ್ಲೈಂಟ್ ಜೊತೆಗೆ ಏಳುತ್ತದೆ. ಇದು ಹಲವರ ಕಥೆ ಸೇರಿ ಜಗತ್ತನ್ನು ನೀವು ನೋಡುವ ಬಗೆಯನ್ನೇ ಬದಲಿಸಿದೆ. 1990ರಲ್ಲಿ ಮನಶ್ಶಾಸ್ತ್ರಜ್ಞರಾದ ಮೆಕ್ಯಾನ್ ಮತ್ತು ಪರ್ಲ್‌ಮನ್ ಇದನ್ನು ಬೇರೆಯಾಗಿ ಗುರುತಿಸಿ, ಬದಲಿ ಆಘಾತ ಎಂಬರ್ಥದ ಹೆಸರು ಕೊಟ್ಟರು. ಆಘಾತದ ಕೇಸುಗಳನ್ನು ಒಂದರ ಹಿಂದೆ ಒಂದು ಪೋಣಿಸಬೇಡಿ. ನಡುವೆ ಬೇರೆ ಬಗೆಯ ಕೆಲಸ ಇರಲಿ, ಎರಡು ಸೆಷನ್ ನಡುವೆ 15 ನಿಮಿಷ ಎದ್ದು ಓಡಾಡಿ. ಸೂಪರ್‌ವಿಷನ್‌ನಲ್ಲಿ ಕೇಸಿನ ಬಗ್ಗೆ ಮಾತ್ರವಲ್ಲ, ಕನಸಿನ ಬಗ್ಗೆಯೂ ಹೇಳಿ. ಕನಸು, ಬೆಚ್ಚಿಬೀಳುವುದು ತಿಂಗಳು ದಾಟಿದ್ದರೆ ನೀವೂ ಚಿಕಿತ್ಸೆ ಪಡೆಯಿರಿ. ವಾರಾಂತ್ಯದ ಯೋಗ ಶಿಬಿರ ಒಂದೇ ಇದಕ್ಕೆ ಮದ್ದು ಎನ್ನುವ ಸಂಸ್ಥೆಗಳಿವೆ. ಕೇಸಿನ ಸಂಖ್ಯೆ ಇಳಿಸದೆ ಯೋಗ ಮಾಡಿಸಿದರೆ ಪ್ರಯೋಜನ ಅಷ್ಟರಲ್ಲೇ ಇದೆ.

ಪ್ರಶ್ನೆ: ಮದುವೆಗೆಂದು ಮೂರು ವಾರ ರಜೆ ಹಾಕುತ್ತಿದ್ದೇನೆ. ಬಾಲ್ಯದಲ್ಲಿ ತಾಯಿ ಬಿಟ್ಟುಹೋದ ಕ್ಲೈಂಟ್‌ಗೆ ಹೇಗೆ ಹೇಳಲಿ? ಕೊನೆಯ ದಿನ ಹೇಳಿದರೆ ನೋವು ಕಡಿಮೆಯಲ್ಲವೇ? (ಧಾರವಾಡ)

ಕಡಿಮೆಯಾಗುವುದು ನಿಮಗೆ, ಅವರಿಗಲ್ಲ. ಕನಿಷ್ಠ ನಾಲ್ಕು ವಾರ ಮೊದಲೇ ಹೇಳಿ, ಪ್ರತಿ ವಾರವೂ ಒಂದು ಸಲ ನೆನಪಿಸಿ. ‘ಪರವಾಗಿಲ್ಲ ಮೇಡಂ, ಆರಾಮಾಗಿ ಹೋಗಿ ಬನ್ನಿ’ ಎಂದು ಕೂಡಲೇ ನಕ್ಕರೆ ಅದನ್ನು ನಂಬಿ ಮುಂದೆ ಹೋಗಬೇಡಿ. ಆ ನಾಲ್ಕು ವಾರದಲ್ಲಿ ಹೊಸ ನೆನಪುಗಳನ್ನು ಕೆದಕುವುದು ಬೇಡ. ಆಘಾತದಿಂದ ಚೇತರಿಸಿಕೊಳ್ಳುವುದಕ್ಕೆ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಹೇಳಿದ ಮೂರು ಹಂತಗಳಲ್ಲಿ ಮೊದಲನೆಯದು ಸುರಕ್ಷತೆ, ಆಮೇಲೆ ನೆನಪು ಮತ್ತು ಶೋಕ, ಕೊನೆಗೆ ಬದುಕಿಗೆ ಮರಳುವುದು. ರಜೆಗೆ ಮುಂಚೆ ಮೊದಲನೆಯದಕ್ಕೇ ಹಿಂದಿರುಗಿ. ರಜೆಯ ಕಾರಣ ಎಷ್ಟು ಹೇಳಬೇಕು ಎಂಬುದು ನಿಮಗೆ ಬಿಟ್ಟದ್ದು. ಮದುವೆ ಎಂದು ಹೇಳಿದರೂ ಸಾಕು, ವರನ ವಿವರ ಬೇಡ. ಆ ಮೂರು ವಾರಕ್ಕೆ ಬೇರೆ ಕೌನ್ಸೆಲರ್ ಒಬ್ಬರ ಹೆಸರು ಕೊಟ್ಟು, ಆಗುವುದಾದರೆ ಒಂದು ಸಲ ಮುಖತಃ ಪರಿಚಯ ಮಾಡಿಸಿ. ಕೊನೆಯ ಸೆಷನ್ ಮುಗಿದಾಗ ಮತ್ತೆ ಭೇಟಿಯಾಗುವ ತಾರೀಖು, ವಾರ, ಹೊತ್ತನ್ನು ನಿಮ್ಮದೇ ಕೈಬರಹದಲ್ಲಿ ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ. ಆ ದಿನ ಹತ್ತು ನಿಮಿಷ ಮೊದಲೇ ಬಂದು ಕೂತಿರಿ.